ಬೀದಿಗೊಂದು ಹೆಸರು, ಹೆಸರಿಗೆಷ್ಟು ಬೀದಿ?

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಓದುಗರೊಬ್ಬರು ತಮ್ಮ ಬೀದಿಯ ಮರುನಾಮಕರಣದ ಬಗ್ಗೆ ಬರೆದ ಪತ್ರವನ್ನು ಹಿಂದಿನ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದೇ ವಿಷಯವಾಗಿ ಇನ್ನೂ ಹಲವರು ಬರೆದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: 1960ರ ದಶಕದಲ್ಲಿ ವಸತಿ ಮತ್ತು ಮತದಾನದ ಹಕ್ಕಿಗಾಗಿ ನಮ್ಮ ನಗರದಲ್ಲೇ ಹೋರಾಡಿದ ಕಪ್ಪು ಜನಾಂಗದ ನಾಯಕರೊಬ್ಬರ ಹೆಸರನ್ನು ನಾವು ವಾಸಿಸುವ ಬೀದಿಗೆ ಇಡಬೇಕೆಂಬ ಪ್ರಸ್ತಾವ ಬಂದಿದೆ. ಜಗತ್ತಿಗೇ ಗೊತ್ತಿರುವ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಬಿಟ್ಟು, ಊರಾಚೆ ಯಾರೂ ಕೇಳಿರದವರ ಹೆಸರು ಏಕೆ ಎಂದು ನೆರೆಹೊರೆಯವರು ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: 1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಕಿಂಗ್ ಅವರ ಹತ್ಯೆಯಾಯಿತು. ಕೆಲವೇ ತಿಂಗಳಲ್ಲಿ ಷಿಕಾಗೊ ನಗರವು ತನ್ನ ಸೌತ್ ಪಾರ್ಕ್ ವೇ ಎಂಬ ರಸ್ತೆಗೆ ಅವರ ಹೆಸರಿಟ್ಟಿತು. ಅಲ್ಲಿಂದೀಚೆಗೆ ಅಮೆರಿಕದಲ್ಲಿ 900ಕ್ಕೂ ಹೆಚ್ಚು ಬೀದಿಗಳು ಆ ಹೆಸರನ್ನು ಪಡೆದಿವೆ, ಬಹುಪಾಲು ದಕ್ಷಿಣದ ರಾಜ್ಯಗಳಲ್ಲಿ. ಈ ಗೌರವ ಸಲ್ಲಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಹೆಸರು ಎಲ್ಲೆಡೆಯೂ ಕಂಡಾಗ, ನಾಗರಿಕ ಹಕ್ಕುಗಳ ಚಳವಳಿಯೆಂದರೆ ಮಹಾಪುರುಷನೊಬ್ಬ ಊರೂರಿಗೆ ಬಂದು ಭಾಷಣ ಮಾಡಿ ಗೆಲ್ಲಿಸಿಕೊಟ್ಟ ಸಂಗತಿ ಎಂಬ ತಪ್ಪು ತಿಳಿವಳಿಕೆಯೂ ಬೆಳೆಯುತ್ತದೆ. ಕಿಂಗ್ ಅವರು ಬರುವ ಮುಂಚೆ ಕೆಲಸ ಆರಂಭಿಸಿದವರು, ಅವರು ಹೋದ ಮೇಲೂ ಅದೇ ಊರಿನಲ್ಲಿ ಉಳಿದು ಕೆಲಸ ಕಳೆದುಕೊಂಡವರು, ಬೆದರಿಕೆ ಎದುರಿಸಿದವರು, ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಈ ಚಿತ್ರದಿಂದ ಮರೆಯಾಗುತ್ತಾರೆ.

ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರವನ್ನೇ ನೋಡಿ. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧಿತರಾದರು. ಕಿಂಗ್ ಅವರ ನಾಯಕತ್ವದಲ್ಲಿ ಬಹಿಷ್ಕಾರ 381 ದಿನ ನಡೆಯಿತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಬಸ್ಸುಗಳಲ್ಲಿನ ವರ್ಣಭೇದವನ್ನು ಕಾನೂನಿನ ದೃಷ್ಟಿಯಿಂದ ಕೊನೆಗಾಣಿಸಿದ್ದು ಬ್ರೌಡರ್ ವಿರುದ್ಧ ಗೇಲ್ ಎಂಬ ಮೊಕದ್ದಮೆ. ಅದನ್ನು ನಡೆಸಿದ ವಕೀಲ ಫ್ರೆಡ್ ಗ್ರೇ ಅದೇ ಊರಿನಲ್ಲಿ ಹುಟ್ಟಿ ಬೆಳೆದವರು. ಪಾರ್ಕ್ಸ್ ಬಂಧನವಾದ ದಿನ ಗ್ರೇ ಅವರಿಗೆ ಇನ್ನೂ 24 ವರ್ಷ. 2021ರಲ್ಲಿ ಮಾಂಟ್‌ಗೊಮರಿ ನಗರವು ಅವರು ಬಾಲ್ಯ ಕಳೆದ ಬೀದಿಗೇ ಅವರ ಹೆಸರನ್ನಿಟ್ಟಿತು. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯದು ಇನ್ನೊಂದು ಒಳ್ಳೆಯ ಉದಾಹರಣೆ. ಅಲ್ಲಿನ ನಗರ ಪರಿಷತ್ತಿಗೆ 1956ರಲ್ಲಿ ಆಯ್ಕೆಯಾದ ವೆಲ್ ಫಿಲಿಪ್ಸ್ ಆ ಪರಿಷತ್ತಿನ ಮೊದಲ ಮಹಿಳೆ ಮತ್ತು ಮೊದಲ ಕಪ್ಪು ಸದಸ್ಯೆ. ಮನೆ ಕೊಡುವಾಗ ಬಣ್ಣ ನೋಡಬಾರದೆಂಬ ಕಾನೂನನ್ನು ಅವರು 1962ರಲ್ಲಿ ಮಂಡಿಸಿದಾಗ 18 ಮತಗಳು ವಿರುದ್ಧ ಬಿದ್ದವು, ಪರವಾಗಿ ಬಿದ್ದ ಏಕೈಕ ಮತ ಅವರದೇ ಆಗಿತ್ತು. ಅವರು ಅದನ್ನು ಮತ್ತೆ ಮತ್ತೆ ಮಂಡಿಸಿದರು. 1967ರ ಆಗಸ್ಟ್‌ನಿಂದ ಸತತ 200 ದಿನ ಜನರು ಮೆರವಣಿಗೆ ನಡೆಸಿದರು. ಕಾನೂನು ಕೈಗೂಡಿದ್ದು 1968ರಲ್ಲಿ. 2018ರಲ್ಲಿ ನಗರದ ನಾಲ್ಕನೆಯ ಬೀದಿ ಅವರ ಹೆಸರು ಪಡೆಯಿತು. ಈ ಕಥೆಯನ್ನು ಮಿಲ್ವಾಕಿಯ ಹೊರಗಿನವರು ಹೆಚ್ಚು ಕೇಳಿಲ್ಲದಿರಬಹುದು. ಹಾಗಾಗಿಯೇ ಅದನ್ನು ಮಿಲ್ವಾಕಿ ಹೇಳಬೇಕು. ಬೇರೆ ಊರು ಹೇಳಲಾರದು. ನಿಮ್ಮ ನೆರೆಹೊರೆಯವರಿಗೂ ಇದನ್ನೇ ಹೇಳಬಹುದು.

ಪ್ರಶ್ನೆ: ಹೆಸರಿಡುವ ಅಧಿಕಾರ ಯಾರದು? ನಿವಾಸಿಗಳು ಎಲ್ಲಿಂದ ಆರಂಭಿಸಬೇಕು?

ಉತ್ತರ: ಸಾಮಾನ್ಯವಾಗಿ ಅಧಿಕಾರವಿರುವುದು ನಗರ ಪರಿಷತ್ತಿಗೆ, ಉದ್ಯಾನ ಮಂಡಳಿಯ ವಶದಲ್ಲಿರುವ ಮಾರ್ಗಗಳಾದರೆ ಆ ಮಂಡಳಿಗೆ, ರಾಜ್ಯ ಹೆದ್ದಾರಿಯಾದರೆ ರಾಜ್ಯದ ಶಾಸನಸಭೆಗೆ. ನಿಯಮಗಳು ಊರಿಂದೂರಿಗೆ ಬೇರೆಯಾಗುತ್ತವೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ನಿಯಮದಂತೆ, ನಗರದ 2,500 ನಿವಾಸಿಗಳ ಸಹಿ ಅಥವಾ ಆ ಬೀದಿಗೆ ಹೊಂದಿಕೊಂಡ ಆಸ್ತಿಗಳ ಮಾಲೀಕರಲ್ಲಿ ಶೇಕಡಾ 75ರಷ್ಟು ಮಂದಿಯ ಸಹಿ ಬೇಕು. ಈ ಎರಡು ದಾರಿಗಳ ನಡುವಣ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದು ಬೀದಿಯನ್ನು ಇಡೀ ಊರಿನ ಸ್ವತ್ತೆಂದು ಎಣಿಸುತ್ತದೆ, ಎರಡನೆಯದು ಅದರ ಅಕ್ಕಪಕ್ಕದ ಮಾಲೀಕರ ಸ್ವತ್ತೆಂದು ಎಣಿಸುತ್ತದೆ, ಮತ್ತು ಎರಡನೆಯ ಲೆಕ್ಕದಲ್ಲಿ ಬಾಡಿಗೆಗಿರುವವರ ಮಾತಿಗೆ ಬೆಲೆಯೇ ಇಲ್ಲ. ನಿಮ್ಮ ಊರಿನ ನಿಯಮ ಯಾವ ಬಗೆಯದು ಎಂಬುದನ್ನು ನಗರ ಗುಮಾಸ್ತರ ಕಚೇರಿಯಲ್ಲಿ ವಿಚಾರಿಸುವುದೇ ಮೊದಲ ಹೆಜ್ಜೆ.

ನಿಯಮ ತೊಡಕಾಗಿ ಕಂಡಾಗ ಅದನ್ನು ಬದಿಗೆ ಸರಿಸುವ ಆಸೆ ಒಳ್ಳೆಯ ಉದ್ದೇಶದವರಿಗೂ ಬರುತ್ತದೆ. ಮಿಸ್ಸೂರಿಯ ಕ್ಯಾನ್ಸಸ್ ಸಿಟಿಯಲ್ಲಿ ಆದದ್ದು ಅದೇ. ಅಲ್ಲಿನ ಪರಿಷತ್ತು 2019ರ ಜನವರಿಯಲ್ಲಿ ಬೀದಿಯ ನಿವಾಸಿಗಳ ಸಹಿ ಸಂಗ್ರಹದ ನಿಯಮವನ್ನು ಸಡಿಲಿಸಿ, ದಿ ಪಾಸೆಯೊ ಎಂಬ ಹಳೆಯ, ಊರಿನವರು ಹೆಮ್ಮೆಪಡುವ ಮಾರ್ಗಕ್ಕೆ ಕಿಂಗ್ ಅವರ ಹೆಸರಿಟ್ಟಿತು. ಹೊಸ ಫಲಕಗಳೂ ಬಂದವು. ಅದೇ ನವೆಂಬರ್ 5ರಂದು ನಡೆದ ಮತದಾನದಲ್ಲಿ ಸುಮಾರು ಶೇಕಡಾ 70ರಷ್ಟು ಮತದಾರರು ಹಳೆಯ ಹೆಸರೇ ಬೇಕೆಂದರು. ಇದನ್ನು ಬರೀ ಬಿಳಿಯರ ವಿರೋಧವೆಂದು ತಳ್ಳಿಹಾಕುವಂತಿರಲಿಲ್ಲ. ಆ ಮಾರ್ಗದಲ್ಲಿ ವಾಸಿಸುವ ಕಪ್ಪು ನಿವಾಸಿಗಳಲ್ಲೂ ಹಲವರು ತಮ್ಮನ್ನು ಯಾರೂ ಕೇಳಲಿಲ್ಲವೆಂದು ಮುನಿಸಿಕೊಂಡಿದ್ದರು. ಸ್ಯಾನ್ ಡಿಯೇಗೊದಲ್ಲೂ 1986ರಲ್ಲಿ ಮಾರ್ಕೆಟ್ ಸ್ಟ್ರೀಟ್‌ಗೆ ಇಟ್ಟ ಕಿಂಗ್ ಅವರ ಹೆಸರನ್ನು ಮತದಾರರು 1987ರಲ್ಲಿ ತೆಗೆದುಹಾಕಿದ್ದರು. ಇಟ್ಟ ಹೆಸರನ್ನು ಕಿತ್ತುಹಾಕಿಸಿಕೊಳ್ಳುವುದು ಹೆಸರಿಡದೇ ಇರುವುದಕ್ಕಿಂತ ದೊಡ್ಡ ಅವಮಾನ. ಆದ್ದರಿಂದ ಮನೆಮನೆಗೆ ಹೋಗಿ ಸಹಿ ಕೇಳುವ ಬೇಸರದ ಕೆಲಸವನ್ನು ತಪ್ಪಿಸಿಕೊಳ್ಳಬೇಡಿ. ಆ ನಾಯಕರ ಬಗ್ಗೆ ಏನೂ ಗೊತ್ತಿರದವರಿಗೆ ಅವರ ಕಥೆಯನ್ನು ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ.

ಪ್ರಶ್ನೆ: ವಿರೋಧ ಕಡಿಮೆಯಾಗಲೆಂದು ಇಡೀ ಬೀದಿಯ ಬದಲು ಅದರ ಒಂದು ತುಂಡಿಗೆ ಮಾತ್ರ ಹೆಸರಿಡುವ ರಾಜಿಸೂತ್ರವನ್ನು ಪರಿಷತ್ತಿನ ಸದಸ್ಯರೊಬ್ಬರು ಸೂಚಿಸಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ಬಂದ ಪತ್ರಗಳಲ್ಲೆಲ್ಲ ಇದೇ ಮುಖ್ಯವಾದ ಪ್ರಶ್ನೆಯೆಂದು ನಮ್ಮ ಎಣಿಕೆ. ಯಾರ ಹೆಸರು ಎಂಬುದಕ್ಕಿಂತ ಎಷ್ಟು ಉದ್ದದ ಬೀದಿ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ವಿಚಾರದಲ್ಲೇ ಗೌರವದ ನಿಜವಾದ ಅಳತೆ ಇರುತ್ತದೆ.

ಅಮೆರಿಕದ ಎಷ್ಟೋ ನಗರಗಳಲ್ಲಿ ಒಂದೇ ಬೀದಿ ಕಪ್ಪು ಜನರ ಬಡಾವಣೆಯಿಂದ ಹೊರಟು ನಗರದ ನಡುವಣ ವ್ಯಾಪಾರ ಕೇಂದ್ರವನ್ನೋ ಬಿಳಿಯರ ಬಡಾವಣೆಯನ್ನೋ ಸೇರುತ್ತದೆ. ತುಂಡಿಗೆ ಮಾತ್ರ ಹೆಸರಿಡುವ ಸಲಹೆ ಬಂದಾಗ ಆ ತುಂಡು ಹೆಚ್ಚಾಗಿ ಮೊದಲನೆಯ ಭಾಗವೇ ಆಗಿರುತ್ತದೆ. ಹೆಸರು ಯಾವ ಗೆರೆಯನ್ನು ಅಳಿಸಲು ಬಂದಿತೋ ಅದೇ ಗೆರೆಯಲ್ಲಿ ಬಂದು ನಿಂತುಬಿಡುತ್ತದೆ. ಮಿಲ್ವಾಕಿಯಲ್ಲಿ ಮೂರನೆಯ ಬೀದಿಯ ಉತ್ತರ ಭಾಗಕ್ಕೆ 1980ರ ದಶಕದಲ್ಲೇ ಕಿಂಗ್ ಅವರ ಹೆಸರು ಬಂದಿತ್ತು. ನಗರಮಧ್ಯದ ಭಾಗ ಮಾತ್ರ ಓಲ್ಡ್ ವರ್ಲ್ಡ್ ಥರ್ಡ್ ಸ್ಟ್ರೀಟ್ ಎಂದೇ ಉಳಿದು, 2021ರಲ್ಲಷ್ಟೇ ಬದಲಾಯಿತು.

ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ 1975ರಲ್ಲಿ ನಡೆದದ್ದು ಇನ್ನೂ ತೀವ್ರವಾದ ಘಟನೆ. ಅಲ್ಲಿನ ಹತ್ತೊಂಬತ್ತನೆಯ ಬೀದಿಗೆ ಕಿಂಗ್ ಅವರ ಹೆಸರಿಡುವ ನಿರ್ಧಾರವಾದ ಮೇಲೆ, ಹೆದ್ದಾರಿಯ ಪಶ್ಚಿಮಕ್ಕಿರುವ ಭಾಗದವರು ತಮ್ಮ ಕಡೆಗೆ ಹಳೆಯ ಹೆಸರೇ ಇರಲೆಂದು ಒತ್ತಾಯಿಸಿದರು. ಹ್ಯೂಸ್ಟನ್ ಟಿಲಟ್ಸನ್ ಕಾಲೇಜಿನ ಮಾಜಿ ಅಧ್ಯಕ್ಷರಾದ ಜೆ. ಜೆ. ಸೀಬ್ರೂಕ್ ಅವರು ಮೇ 1ರಂದು ಪರಿಷತ್ತಿನ ಮುಂದೆ ನಿಂತು, ಬೀದಿಯನ್ನು ಎರಡಾಗಿ ಸೀಳಬಾರದು, ಇಡೀ ಬೀದಿಗೆ ಒಂದೇ ಹೆಸರಿರಬೇಕು ಎಂದು ವಾದಿಸುತ್ತಿದ್ದಾಗಲೇ ಹೃದಯಾಘಾತಕ್ಕೀಡಾಗಿ ತೀರಿಕೊಂಡರು. ಬೀದಿ ಕೊನೆಗೂ ಪೂರ್ವದಿಂದ ಪಶ್ಚಿಮದವರೆಗೆ ಆ ಹೆಸರನ್ನು ಪಡೆಯಿತು. ಕಿಂಗ್ ಅವರ ಹೆಸರಿಗಾಗಿ ಪ್ರಾಣಬಿಟ್ಟ ಈ ಸ್ಥಳೀಯ ನಾಯಕರ ಹೆಸರಿನಲ್ಲಿ ಈಗ ಅದೇ ಊರಿನಲ್ಲಿ ಒಂದು ಸೇತುವೆಯಿದೆ.

ಮೇಲೆ ಹೇಳಿದ ಕ್ಯಾನ್ಸಸ್ ಸಿಟಿಯೂ ಪಾಠ ಕಲಿಯಿತು. 2021ರಲ್ಲಿ ಅಲ್ಲಿನ ಉದ್ಯಾನ ಮಂಡಳಿ ವೋಲ್ಕರ್ ಬುಲೆವಾರ್ಡ್, ಸ್ವೋಪ್ ಪಾರ್ಕ್‌ವೇ ಮತ್ತು ಬ್ಲೂ ಪಾರ್ಕ್‌ವೇಗಳ ಭಾಗಗಳನ್ನು ಸೇರಿಸಿ ಕಿಂಗ್ ಅವರ ಹೆಸರಿನ ಒಂದೇ ಮಾರ್ಗವಾಗಿಸಿತು. ಉತ್ತರ-ದಕ್ಷಿಣವಾಗಿ ಸಾಗುವ ಪಾಸೆಯೊ ಇರುವುದು ನಗರದ ವರ್ಣರೇಖೆಯೆಂದೇ ಹೆಸರಾದ ಟ್ರೂಸ್ಟ್ ಅವೆನ್ಯೂವಿನ ಪೂರ್ವಕ್ಕೆ. ಪೂರ್ವ-ಪಶ್ಚಿಮವಾಗಿ ಸಾಗುವ ಈ ಹೊಸ ಮಾರ್ಗ ಆ ರೇಖೆಯನ್ನು ದಾಟುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಆಯ್ಕೆ ಮೊದಲನೆಯದಕ್ಕಿಂತ ಮೇಲಾಗಿತ್ತು, ಮತದಾನದಲ್ಲಿ ಸೋಲದಿದ್ದರೆ ಅದು ಹೊಳೆಯುತ್ತಿತ್ತೋ ಇಲ್ಲವೋ.

ಹಾಗೆಂದು ಚಿಕ್ಕ ಬೀದಿ ಯಾವಾಗಲೂ ಕಡಿಮೆಯೆಂದಲ್ಲ. ಆ ವ್ಯಕ್ತಿಯ ಹೋರಾಟ ನಡೆದದ್ದು ಅಲ್ಲೇ ಆಗಿದ್ದರೆ ಚಿಕ್ಕ ಬೀದಿಗೂ ತೂಕವಿದೆ. ನ್ಯಾಶ್‌ವಿಲ್ ನಗರದ ಐದನೆಯ ಅವೆನ್ಯೂವಿನ ಅಂಗಡಿಗಳ ಊಟದ ಕೌಂಟರುಗಳಲ್ಲಿ 1960ರ ಫೆಬ್ರುವರಿಯಲ್ಲಿ ವಿದ್ಯಾರ್ಥಿಗಳು ಧರಣಿ ಕುಳಿತರು. ನಾಗರಿಕ ಹಕ್ಕುಗಳ ಹೋರಾಟಗಾರ, ಮುಂದೆ ಸಂಸದರಾದ ಜಾನ್ ಲೂಯಿಸ್ ಮೊದಲ ಸಲ ಬಂಧಿತರಾದದ್ದು ಆ ಧರಣಿಯಲ್ಲಿ. 2020ರಲ್ಲಿ ಅವರು ತೀರಿಕೊಂಡ ಮೇಲೆ ನಗರವು ಬೇರೆ ಯಾವುದೋ ಅಗಲವಾದ ಹೊಸ ರಸ್ತೆಯನ್ನು ಹುಡುಕದೆ ಅದೇ ಅವೆನ್ಯೂವಿನ ಉತ್ತರ ಭಾಗಕ್ಕೆ ಅವರ ಹೆಸರಿಟ್ಟಿತು. ನಿಮ್ಮ ಸದಸ್ಯರು ಸೂಚಿಸಿದ ತುಂಡು ಅಂಥದ್ದಾಗಿದ್ದರೆ ಒಪ್ಪಿಕೊಳ್ಳಿ. ವಿರೋಧಿಸುವವರ ಮನೆಗಳನ್ನು ಬಿಟ್ಟು ಉಳಿದದ್ದೇ ಆ ತುಂಡಾಗಿದ್ದರೆ ಒಪ್ಪಬೇಡಿ.

ಪ್ರಶ್ನೆ: ವಿಳಾಸ ಬದಲಿಸದೆ ಹಳೆಯ ಫಲಕದ ಜೊತೆಗೇ ಇನ್ನೊಂದು ಗೌರವ ಫಲಕ ಹಾಕಿದರೆ ಸಾಲದೇ?

ಉತ್ತರ: ಷಿಕಾಗೊದಲ್ಲಿ ಈ ಪದ್ಧತಿ 1980ರ ದಶಕದಿಂದ ಇದೆ; ಕಂದು ಬಣ್ಣದ ಫಲಕ ಬರುತ್ತದೆ, ಅಧಿಕೃತ ವಿಳಾಸ ಬದಲಾಗುವುದಿಲ್ಲ. ಖರ್ಚು ಕಡಿಮೆ, ಜಗಳವೂ ಕಡಿಮೆ. ಆದರೆ ಅಂಚೆಯವನು, ಭೂಪಟ, ಬಸ್ ನಿಲ್ದಾಣ, ಅಂಗಡಿಯ ರಸೀದಿ, ಯಾವುದೂ ಆ ಹೆಸರನ್ನು ಬಳಸುವುದಿಲ್ಲ. ಬೀದಿಯ ಹೆಸರಿಗೆ ಪ್ರತಿಮೆಗಿಲ್ಲದ ಒಂದು ಗುಣವಿದೆ: ಪ್ರತಿಮೆಯನ್ನು ನೋಡದೆ ಹಾದುಹೋಗಬಹುದು, ಬೀದಿಯ ಹೆಸರನ್ನು ಬಾಯಿಬಿಟ್ಟು ಹೇಳದೆ ಮನೆಗೆ ದಾರಿ ತೋರಿಸಲಾಗದು. ಗೌರವ ಫಲಕದಲ್ಲಿ ಆ ಗುಣ ಇಲ್ಲವಾಗುತ್ತದೆ.

ಇದೇ ಷಿಕಾಗೊ ನಗರ, ಗುಂಪು ಹತ್ಯೆಗಳ ವಿರುದ್ಧ ಬರೆದ ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರಿಗೆ ಮಾತ್ರ ಕಂದು ಫಲಕ ಕೊಟ್ಟು ಕೈತೊಳೆದುಕೊಳ್ಳದೆ ನಗರಮಧ್ಯದ ಕಾಂಗ್ರೆಸ್ ಪಾರ್ಕ್‌ವೇಯ ಹೆಸರನ್ನೇ ಬದಲಿಸಿ, 2019ರಲ್ಲಿ ಹೊಸ ಫಲಕಗಳನ್ನು ಅನಾವರಣಗೊಳಿಸಿತು. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ನಡುದಾರಿಯೊಂದಿದೆ: ಲೆನಾಕ್ಸ್ ಅವೆನ್ಯೂ 1987ರಿಂದ ಮಾಲ್ಕಮ್ ಎಕ್ಸ್ ಬುಲೆವಾರ್ಡ್ ಕೂಡ ಹೌದು. ಅಲ್ಲಿ ಎರಡು ಹೆಸರೂ ಬಾಳಿವೆ. ಗೌರವ ಫಲಕವನ್ನು ಮೊದಲ ಮೆಟ್ಟಿಲೆಂದು ಸ್ವೀಕರಿಸುವುದಾದರೆ ಅಡ್ಡಿಯಿಲ್ಲ; ಆದರೆ ಅದಕ್ಕೆ ಒಪ್ಪಿದ ಪರಿಷತ್ತುಗಳಿಗೆ ಮುಂದಿನ ಮೆಟ್ಟಿಲು ತಾನಾಗಿಯೇ ನೆನಪಾಗುವುದು ಅಪರೂಪ.

ಪ್ರಶ್ನೆ: ಹೆಸರು ಬದಲಾದರೆ ವ್ಯಾಪಾರ ಕೆಡುತ್ತದೆ, ಮನೆಯ ಬೆಲೆ ಇಳಿಯುತ್ತದೆ ಎನ್ನುತ್ತಾರೆ. ಇದರಲ್ಲಿ ಎಷ್ಟು ನಿಜ?

ಉತ್ತರ: ಕಿಂಗ್ ಹೆಸರಿನ ಬೀದಿಗಳ ವ್ಯಾಪಾರ ಸ್ಥಿತಿಯನ್ನು ಮೂವರು ಭೂಗೋಳಶಾಸ್ತ್ರಜ್ಞರು ಬೇರೆ ಬೀದಿಗಳೊಂದಿಗೆ ಹೋಲಿಸಿ 2007ರಲ್ಲಿ ಅಧ್ಯಯನ ಪ್ರಕಟಿಸಿದರು. ಜನ ಆಡಿಕೊಳ್ಳುವಷ್ಟು ದುಃಸ್ಥಿತಿ ಅವರಿಗೆ ಕಾಣಲಿಲ್ಲ. ಇಂಥ ಬೀದಿಗಳ ಸುತ್ತಲಿನ ಬಡಾವಣೆಗಳಲ್ಲಿ ಬಡತನ ರಾಷ್ಟ್ರದ ಸರಾಸರಿಗಿಂತ ಹೆಚ್ಚೆಂಬುದನ್ನು ಬೇರೆ ಅಧ್ಯಯನಗಳು ತೋರಿಸಿವೆ, ಅದೂ ನಿಜ. ಆದರೆ ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ನೋಡಬೇಕು. ಹೆಸರು ಬಂದು ಬಡತನ ಬರಲಿಲ್ಲ. ದಶಕಗಳ ಕಾಲ ಸಾಲ, ಹೂಡಿಕೆ, ಒಳ್ಳೆಯ ಶಾಲೆ ಯಾವುದೂ ಸಿಗದಿದ್ದ ಬಡಾವಣೆಗಳಿಗೇ ಆ ಹೆಸರನ್ನು ತಳ್ಳಲಾಯಿತು. ತುಂಡು ಬೀದಿಯ ಬಗ್ಗೆ ಮೇಲೆ ಹೇಳಿದ ಮಾತಿಗೆ ಇದೂ ಒಂದು ಆಧಾರ.

ಸಣ್ಣ ಅಂಗಡಿಯವರ ತೊಂದರೆ ಮಾತ್ರ ಕಲ್ಪಿತವಲ್ಲ. ಪರವಾನಗಿ, ಬ್ಯಾಂಕ್ ಖಾತೆ, ಚೀಟಿ, ಫಲಕ ಎಲ್ಲವನ್ನೂ ಬದಲಿಸಬೇಕು, ಅದಕ್ಕೆ ಹಣ ಮತ್ತು ಸಮಯ ಎರಡೂ ಬೇಕು. ಹಳೆಯ ಮತ್ತು ಹೊಸ ಫಲಕಗಳೆರಡೂ ಕೆಲಕಾಲ ಜೊತೆಯಾಗಿರಲಿ, ನಗರದ ಶುಲ್ಕಗಳನ್ನು ಮನ್ನಾ ಮಾಡಲಿ ಎಂದು ನಿಮ್ಮ ಅರ್ಜಿಯಲ್ಲೇ ಕೇಳಿದರೆ, ವಿರೋಧಿಸುವ ಅಂಗಡಿಯವರಲ್ಲಿ ಕೆಲವರಾದರೂ ಸಹಿ ಹಾಕುತ್ತಾರೆ.

ಪ್ರಶ್ನೆ: ಬದುಕಿರುವವರ ಹೆಸರನ್ನು ಬೀದಿಗೆ ಇಡಬಹುದೇ?

ಉತ್ತರ: ಊರಿನ ನಿಯಮ ಒಪ್ಪಿದರೆ ಇಡಬಹುದು. ಪೋರ್ಟ್‌ಲ್ಯಾಂಡ್‌ನಲ್ಲಿ ವ್ಯಕ್ತಿ ತೀರಿಕೊಂಡು ಐದು ವರ್ಷ ಕಳೆದಿರಬೇಕು. ಡೆಟ್ರಾಯಿಟ್ ನಗರ ಕಾಯಲಿಲ್ಲ: 1976ರಲ್ಲಿ ಹನ್ನೆರಡನೆಯ ಬೀದಿಗೆ ರೋಸಾ ಪಾರ್ಕ್ಸ್ ಅವರ ಹೆಸರಿಟ್ಟಾಗ ಅವರು ಅದೇ ನಗರದ ನಿವಾಸಿ, ಆ ಬಳಿಕವೂ 2005ರವರೆಗೆ ಬದುಕಿದ್ದರು. ಕಾಯುವ ನಿಯಮಕ್ಕೆ ವಿವೇಕದ ಕಾರಣಗಳಿವೆ. ಬದುಕಿರುವವರ ಹೆಸರನ್ನು ಅಧಿಕಾರಸ್ಥರು ಓಲೈಕೆಗೆ ಬಳಸುವುದುಂಟು. ಆದರೂ ಎಂಬತ್ತು ದಾಟಿದ ಹೋರಾಟಗಾರರೊಬ್ಬರು ತಮ್ಮ ಹೆಸರಿನ ಫಲಕವನ್ನು ತಾವೇ ಅನಾವರಣ ಮಾಡುವುದನ್ನು ತಡೆಯುವಷ್ಟು ಕಟ್ಟುನಿಟ್ಟು ಬೇಡವೆನಿಸುತ್ತದೆ.

ಪ್ರಶ್ನೆ: ನಮ್ಮ ಬೀದಿಗೆ ಈಗಿರುವುದು ಕಾನ್ಫೆಡರೇಟ್ (1860ರ ದಶಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ರಾಜ್ಯಗಳ) ಸೇನಾಧಿಕಾರಿಯೊಬ್ಬನ ಹೆಸರು. ಅದನ್ನು ತೆಗೆದರೆ ಇತಿಹಾಸವನ್ನೇ ಅಳಿಸಿದಂತೆ ಎಂಬ ವಾದಕ್ಕೆ ಏನೆನ್ನಬೇಕು?

ಉತ್ತರ: ಇತಿಹಾಸ ಪುಸ್ತಕದಲ್ಲೂ ದಫ್ತರದಲ್ಲೂ ಉಳಿಯುತ್ತದೆ, ಬೀದಿಯ ಹೆಸರು ಗೌರವದ ದಾಖಲೆ. ಮಾಂಟ್‌ಗೊಮರಿಯಲ್ಲಿ ಫ್ರೆಡ್ ಗ್ರೇ ಅವರ ಬಾಲ್ಯದ ಬೀದಿಗೆ ಇದ್ದದ್ದು ಕಾನ್ಫೆಡರೆಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ಹೆಸರು. ಅಂಥ ಹಳೆಯ ಹೆಸರುಗಳನ್ನು ಬದಲಿಸಬಾರದೆಂದು ಅಲಬಾಮಾ ರಾಜ್ಯ 2017ರಲ್ಲಿ ಕಾನೂನು ಮಾಡಿತ್ತು. ಹಾಗಾಗಿ 2021ರ ಮರುನಾಮಕರಣಕ್ಕೆ ರಾಜ್ಯವು ನಗರದ ಮೇಲೆ 25,000 ಡಾಲರ್ ದಂಡ ಹಾಕಿತು. ಅದನ್ನು ತಾವು ಕೊಡುತ್ತೇವೆಂದು ದೇಶದ ಬೇರೆ ಬೇರೆ ಕಡೆಗಳಿಂದ ಜನ ಮುಂದೆ ಬಂದರು. ನಗರ ದಂಡ ಕಟ್ಟಿತು, ಹೆಸರು ಉಳಿಯಿತು. ನಿಮ್ಮ ರಾಜ್ಯದಲ್ಲಿ ಅಂಥ ಕಾನೂನಿದೆಯೇ ಎಂದು ಮೊದಲೇ ವಕೀಲರನ್ನು ಕೇಳಿಕೊಳ್ಳಿ.

ವ್ಯಕ್ತಿಯ ಹೆಸರೇ ಬೇಡವೆಂಬ ಊರುಗಳೂ ಇವೆ. ಫ್ಲಾರಿಡಾದ ಹಾಲಿವುಡ್ ನಗರವು ಲೀ, ಫಾರೆಸ್ಟ್, ಹುಡ್ ಎಂಬ ಮೂವರು ಕಾನ್ಫೆಡರೇಟ್ ಸೇನಾನಿಗಳ ಹೆಸರುಗಳನ್ನು ತೆಗೆದು, ಅದೇ ಮೊದಲಕ್ಷರಗಳ ಲಿಬರ್ಟಿ, ಫ್ರೀಡಂ, ಹೋಪ್ ಎಂಬ ಹೆಸರುಗಳನ್ನು 2017ರಲ್ಲಿ ಆರಿಸಿಕೊಂಡಿತು. ಜಾಣ ಉಪಾಯವೇ ಸರಿ, ಆದರೆ ಹೋರಾಡಿದ ಒಬ್ಬ ಮನುಷ್ಯನ ಹೆಸರೂ ಅಲ್ಲಿಲ್ಲ. ಸಿಯಾಟಲ್ ಇರುವ ಕಿಂಗ್ ಕೌಂಟಿ ಇನ್ನೂ ಜಾಣತನ ತೋರಿತು: ಗುಲಾಮರ ಒಡೆಯನಾಗಿದ್ದ ವಿಲಿಯಂ ರೂಫಸ್ ಕಿಂಗ್ ಎಂಬ ರಾಜಕಾರಣಿಯ ಹೆಸರನ್ನು ಹೊತ್ತಿದ್ದ ಅದು, ಒಂದಕ್ಷರವನ್ನೂ ಬದಲಿಸದೆ, ತನ್ನ ಹೆಸರು ಇನ್ನು ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಅವರದೆಂದು 1986ರಲ್ಲಿ ನಿರ್ಣಯಿಸಿತು.

ಹಳೆಯ ಹೆಸರೇ ಇರಲೆಂಬ ವಾದ ಕೆಲವೊಮ್ಮೆ ಅನಿರೀಕ್ಷಿತ ಬಾಯಿಂದಲೂ ಬರುತ್ತದೆ. ಅಲಬಾಮಾದ ಸೆಲ್ಮಾ ಎಂಬ ಊರಿನ ಸೇತುವೆಗೆ ಕಾನ್ಫೆಡರೇಟ್ ಸೇನಾಧಿಕಾರಿ ಎಡ್ಮಂಡ್ ಪೆಟಸ್‌ನ ಹೆಸರಿದೆ. 1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟು ಅಲ್ಲಿ ಪೊಲೀಸರ ಏಟು ತಿಂದ ಜಾನ್ ಲೂಯಿಸ್ ಅವರೇ ಆ ಹೆಸರನ್ನು ಬದಲಿಸುವುದು ಬೇಡವೆಂದಿದ್ದರು. ಅವರ ಮಾತಿಗೆ ತೂಕವಿದೆ, ಏಕೆಂದರೆ ಆ ಸೇತುವೆಯ ಹೆಸರು ಕೇಳಿದವರಿಗೆ ಇಂದು ಪೆಟಸ್ ನೆನಪಾಗುವುದಿಲ್ಲ, ಆ ಮೆರವಣಿಗೆ ನೆನಪಾಗುತ್ತದೆ. ನಿಮ್ಮ ಬೀದಿಯ ಸೇನಾಧಿಕಾರಿಯ ಹೆಸರಿಗೆ ಅಂಥ ಎರಡನೆಯ ಅರ್ಥವೇನೂ ಬಂದಿಲ್ಲವಾದರೆ ಲೂಯಿಸ್ ಅವರ ವಾದ ನಿಮ್ಮ ನೆರೆಯವರಿಗೆ ಒದಗಿಬರುವುದಿಲ್ಲ.

ಪ್ರಶ್ನೆ: ಅರ್ಜಿಯಲ್ಲಿ ಏನೇನು ಇರಬೇಕು?

ಉತ್ತರ: ಆ ನಾಯಕರು ಆ ಬೀದಿಯಲ್ಲಿ ಅಥವಾ ಅದರ ಸುತ್ತಮುತ್ತ ಏನು ಮಾಡಿದರು ಎಂಬುದನ್ನು ಪತ್ರಿಕಾ ವರದಿ, ನ್ಯಾಯಾಲಯದ ದಾಖಲೆ, ಪರಿಷತ್ತಿನ ನಡಾವಳಿಗಳ ಆಧಾರದ ಮೇಲೆ ಎರಡು ಪುಟಗಳಲ್ಲಿ ಬರೆಯಿರಿ, ಬರೀ ವಿಶೇಷಣಗಳಿಂದ ಪರಿಷತ್ತು ಕರಗುವುದಿಲ್ಲ. ಬೀದಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಅದರಲ್ಲಿ ಎಷ್ಟು ವಿಳಾಸಗಳಿವೆ ಎಂಬ ನಕ್ಷೆಯನ್ನು ಲಗತ್ತಿಸಿ. ಅದನ್ನು ಹೋಲುವ ಹೆಸರಿನ ಬೀದಿ ನಗರದಲ್ಲಿ ಈಗಾಗಲೇ ಇದ್ದರೆ ತುರ್ತು ಸೇವೆಯವರು ಆಕ್ಷೇಪಿಸುತ್ತಾರೆ, ಆದ್ದರಿಂದ ಅದನ್ನು ಮೊದಲೇ ಪರಿಶೀಲಿಸಿ. ಬೀದಿಯ ಎರಡೂ ತುದಿಗಳಲ್ಲಿ ಆ ವ್ಯಕ್ತಿ ಯಾರೆಂದು ತಿಳಿಸುವ ವಿವರಣಾ ಫಲಕಗಳಿಗೆ ಇದೇ ನಿರ್ಣಯದಲ್ಲಿ ಹಣ ಕೇಳಿ. ಆಮೇಲೆ ಕೇಳಿದರೆ ಸಿಗುವುದು ಕಷ್ಟ. ಎಲ್ಲಕ್ಕಿಂತ ಮೊದಲು ಅವರ ಕುಟುಂಬದವರನ್ನು ಕಂಡು ಲಿಖಿತ ಒಪ್ಪಿಗೆ ಪಡೆಯಿರಿ, ಮತ್ತು ಫಲಕದ ಮೇಲೆ ಪೂರ್ಣ ಹೆಸರು ಬರಬೇಕೋ, ಊರಿನವರು ಕರೆಯುತ್ತಿದ್ದ ಹೆಸರೋ, ಹೆಸರಿನ ಮುಂದೆ ಡಾಕ್ಟರ್ ಅಥವಾ ರೆವರೆಂಡ್ ಎಂದು ಇರಬೇಕೋ ಎಂಬುದನ್ನು ಅವರಿಂದಲೇ ಬರೆಸಿಕೊಳ್ಳಿ.